ಮೂಳೆ ಕಸಿ ವಸ್ತು: ಪಾತ್ರೆಯ ಪರೀಕ್ಷೆ ಎಷ್ಟು ನಂಬಲರ್ಹ?

ಮೂಳೆಯ ಖನಿಜ ಹೈಡ್ರಾಕ್ಸಿಅಪಟೈಟ್ ಎಂದು ನೀವು ಓದಿರುತ್ತೀರಿ. ಅದು ಅರ್ಧ ಸತ್ಯ. ಆ ಖನಿಜದ ತೂಕದಲ್ಲಿ ಶೇ. 4ರಿಂದ 8ರಷ್ಟು ಕಾರ್ಬೊನೇಟ್ ಇರುತ್ತದೆ. ಬಹುಪಾಲು ಫಾಸ್ಫೇಟಿನ ಜಾಗದಲ್ಲಿ. ಫಾಸ್ಫೇಟ್ ಅಯಾನಿನ ಋಣಾವೇಶ 3, ಕಾರ್ಬೊನೇಟಿನದು 2. ಈ ವ್ಯತ್ಯಾಸ ಸರಿದೂಗಲು ಕೆಲವು ಕ್ಯಾಲ್ಸಿಯಂ ಸ್ಥಾನಗಳು ಖಾಲಿ ಬೀಳುತ್ತವೆ, ಇಲ್ಲವೇ ಅಲ್ಲಿ ಸೋಡಿಯಂ ಸೇರುತ್ತದೆ. ಹರಳುಗಳು ಚಿಕ್ಕದಾಗುತ್ತವೆ, ಬೇಗ ಕರಗುತ್ತವೆ. ಕಾರ್ಬೊನೇಟ್ ಬೆರೆತ ಕಸಿ ವಸ್ತುಗಳ ಮೇಲಿನ ಭರವಸೆಗೆ ಇದೇ ಆಧಾರ. ಅದರ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಪರೀಕ್ಷೆಯ ಬಗ್ಗೆ. ಜಪಾನಿನ ಕೊಕುಬೊ ಬಳಕೆಗೆ ತಂದ ಕೃತಕ ದೇಹದ್ರವದಲ್ಲಿ ವಸ್ತುವನ್ನು 36.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಳುಗಿಸಿಡುತ್ತಾರೆ. ಮೇಲ್ಮೈಯಲ್ಲಿ ಅಪಟೈಟ್ ಪದರ ಮೂಡಿದರೆ 'ಜೈವಿಕ ಕ್ರಿಯಾಶೀಲ' ಎಂಬ ಬಿರುದು! ಆದರೆ ಆ ದ್ರವದ ಸಂಯೋಜನೆ ನೋಡಿ. ರಕ್ತದ ಪ್ಲಾಸ್ಮಾದಲ್ಲಿ ಲೀಟರಿಗೆ ಸುಮಾರು 27 ಮಿಲಿಮೋಲ್ ಬೈಕಾರ್ಬೊನೇಟ್ ಇದ್ದರೆ ಇಲ್ಲಿರುವುದು 4.2 ಮಾತ್ರ. ಪ್ರೋಟೀನುಗಳಿಲ್ಲ, ಜೀವಕೋಶಗಳಂತೂ ಇಲ್ಲವೇ ಇಲ್ಲ. ಮೇಲಾಗಿ ದ್ರವವೇ ಅಪಟೈಟಿನಿಂದ ಅತಿಪರ್ಯಾಪ್ತ. ಅದರೊಳಗೆ ಅಪಟೈಟಿನದೇ ಬಿಲ್ಲೆಯನ್ನು ಇಟ್ಟರೆ ಪದರ ಬೆಳೆಯುವುದರಲ್ಲಿ ಅಚ್ಚರಿಯೇನು?

2006ರಲ್ಲಿ ಕೊಕುಬೊ ಮತ್ತು ತಾಕಾದಾಮ 'ಬಯೋಮೆಟೀರಿಯಲ್ಸ್' ಪತ್ರಿಕೆಯಲ್ಲಿ ಈ ವಿಧಾನವನ್ನು ಸಮರ್ಥಿಸಿದರು. 2009ರಲ್ಲಿ ಅದೇ ಪತ್ರಿಕೆಯಲ್ಲಿ ಬೋನರ್ ಮತ್ತು ಲೆಮೆತ್ರ್ ಅದನ್ನು ಪ್ರಶ್ನಿಸಿದರು. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ದೇಹದಲ್ಲಿ ಮೂಳೆಯೊಡನೆ ಬೆಸೆಯುತ್ತದೆ, ಈ ದ್ರವದಲ್ಲಿ ಅನೇಕ ಸಲ ಪದರ ಕೊಡುವುದಿಲ್ಲ. ಹಾಗಿದ್ದರೆ ಪರೀಕ್ಷೆ ಅಳೆಯುತ್ತಿರುವುದಾದರೂ ಏನನ್ನು?

ನೀವು ಪ್ರಾಜೆಕ್ಟ್ ವರದಿಯಲ್ಲಿ 'ಅಪಟೈಟ್ ಮೂಡಿತು' ಎಂದಷ್ಟೇ ಬರೆಯಿರಿ. ಕಾರ್ಬೊನೇಟಿನಿಂದ ನಿರೀಕ್ಷಿಸುವ ಮುಖ್ಯ ಲಾಭವೆಂದರೆ ಆಸ್ಟಿಯೊಕ್ಲಾಸ್ಟ್ ಕೋಶಗಳು ವಸ್ತುವನ್ನು ಕರಗಿಸಿ ಹೊಸ ಮೂಳೆಗೆ ಜಾಗ ಮಾಡಿಕೊಡುವುದು. ಕೋಶಗಳೇ ಇಲ್ಲದ ಪಾತ್ರೆಯಲ್ಲಿ ಅದು ಕಾಣಿಸುವುದಿಲ್ಲ.