ಆಟದ ನಿಯಮದಲ್ಲಿ ರೋಮನ್ ಚಕ್ರಾಧಿಪತ್ಯ

ಇತಿಹಾಸವನ್ನು ವಸ್ತುವಾಗಿ ಉಳ್ಳ ಕೃತಿಗಳೆಂದರೆ ನಮಗೆ ಸಾಮಾನ್ಯವಾಗಿ ಕಾದಂಬರಿ ನಾಟಕಗಳೇ ನೆನಪಿಗೆ ಬರುತ್ತವೆ. ಗಣಕಯಂತ್ರದಲ್ಲಿ ಆಡುವ ರಾಜತಂತ್ರದ ಆಟಗಳನ್ನೂ ಈ ಪಂಕ್ತಿಗೆ ಸೇರಿಸಬೇಕಾದ ಕಾಲ ಬಂದಿದೆ. ಇಂತಹ ಹಲವು ಆಟಗಳ ನಿಯಮಗಳು ಸಾಧಾರಣ ಲಿಪಿಯ ಕಡತಗಳಲ್ಲಿ ಇರುವುದರಿಂದ, ಆಡುವವನೇ ಅವನ್ನು ತಿದ್ದಿ ಹೊಸ ಪಾಠವನ್ನು ಸಿದ್ಧಪಡಿಸಬಲ್ಲನು. ಇದಕ್ಕೆ ‘ಮಾಡ್’ ಎಂದು ಹೆಸರು. ಮಾಡ್ ರಚಿಸುವವನು ಒಂದು ಅರ್ಥದಲ್ಲಿ ಟೀಕಾಕಾರನ ಬಂಧು. ಮೂಲವನ್ನು ಆಶ್ರಯಿಸಿಯೇ ಅವನು ಮೂಲದೊಡನೆ ವಾದಿಸುತ್ತಾನೆ. ಆದುದರಿಂದ ಅವನ ಕೆಲಸವನ್ನು ವಿಮರ್ಶೆಯ ಒರೆಗೆ ಹಚ್ಚುವುದು ಅನುಚಿತವಾಗಲಾರದು.

ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಸಂಸ್ಥೆ ೨೦೧೯ರಲ್ಲಿ ಪ್ರಕಟಿಸಿದ ‘ಇಂಪರೇಟರ್: ರೋಮ್’ ಎಂಬ ಆಟವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ೨೦೨೧ರಲ್ಲಿ ಸಂಸ್ಥೆಯು ಅದರ ಬೆಳವಣಿಗೆಯನ್ನು ನಿಲ್ಲಿಸಿತು; ಬಳಿಕ ಆಟಗಾರರೇ ‘ಇನ್ವಿಕ್ಟಸ್’ ಎಂಬ ಮಾಡ್‌ನ ಮೂಲಕ ಅದನ್ನು ಬೆಳೆಸಿಕೊಂಡು ಬಂದರು. ಈ ಆಟವು ಕ್ರಿ.ಪೂ. ೩೦೪ರಲ್ಲಿ, ಎಂದರೆ ರೋಮ್ ನಗರದ ಸ್ಥಾಪನೆಯಿಂದ ೪೫೦ನೆಯ ವರ್ಷದಲ್ಲಿ, ತೊಡಗಿ ಕ್ರಿ.ಪೂ. ೨೭ರಲ್ಲಿ ಮುಗಿಯುತ್ತದೆ. ಆಕ್ಟೇವಿಯನನು ಅಗಸ್ಟಸ್ ಎಂಬ ಅಭಿಧಾನವನ್ನು ಪಡೆದುದು ಇದೇ ವರ್ಷ. ಚಕ್ರಾಧಿಪತ್ಯದ ರಾಜಕೀಯವು ಎಲ್ಲಿ ಆರಂಭವಾಗುವುದೋ ಅಲ್ಲಿಯೇ ಆಟದ ತೆರೆ ಬೀಳುತ್ತದೆ. ಕಥೆಯನ್ನು ಮುಂದಕ್ಕೆ ಒಯ್ಯಬಯಸುವ ಮಾಡ್‌ಕಾರನು ಮೂಲದಲ್ಲಿ ಇಲ್ಲದ ಒಂದು ವ್ಯವಸ್ಥೆಯನ್ನು ಕಟ್ಟಬೇಕಾಗುತ್ತದೆ.

ಮೂಲದ ಆಟವು ಪ್ರಧಾನವಾಗಿ ಮೂರು ಬಗೆಯ ಪ್ರಭುತ್ವಗಳನ್ನು ಅರಿತಿದೆ: ಗಣರಾಜ್ಯ, ರಾಜಪ್ರಭುತ್ವ, ಬುಡಕಟ್ಟು. ಅಗಸ್ಟಸನ ವ್ಯವಸ್ಥೆ ಇವುಗಳಲ್ಲಿ ಯಾವುದೂ ಅಲ್ಲ. ರಾಜ್ಯವನ್ನು ಸೆನೆಟ್ಟಿಗೂ ಜನತೆಗೂ ಹಿಂದಿರುಗಿಸಿದೆನೆಂದು ಅವನು ಸಾರಿಕೊಂಡನು, ಕ್ರಿ.ಪೂ. ೨೩ರಲ್ಲಿ ಕಾನ್ಸಲ್ ಪದವಿಯನ್ನು ತ್ಯಜಿಸಿ ಟ್ರಿಬ್ಯೂನನ ಅಧಿಕಾರವನ್ನು ಪಡೆದನು. ಅವನು ಹೊಂದಿದ್ದ ಅಧಿಕಾರಗಳ ಹೆಸರುಗಳೆಲ್ಲ ಹಳೆಯವು. ಅವು ಒಬ್ಬನಲ್ಲಿಯೇ ಒಟ್ಟುಗೂಡಿದುದು ಹೊಸದು. ರಾಜನಿಲ್ಲವೆಂದು ಹೇಳುತ್ತಿದ್ದ ಆ ವ್ಯವಸ್ಥೆಯಲ್ಲಿ ಉತ್ತರಾಧಿಕಾರದ ಕಾನೂನು ಇರುವುದು ಸಾಧ್ಯವಿರಲಿಲ್ಲ. ಮಾಡ್‌ಕಾರನು ಇಲ್ಲಿ ಸುಲಭಮಾರ್ಗವನ್ನು ಹಿಡಿದು ರೋಮನ್ನು ‘ರಾಜಪ್ರಭುತ್ವ’ಕ್ಕೆ ತಿರುಗಿಸಿದರೆ, ರಕ್ತಸಂಬಂಧವನ್ನು ಅನುಸರಿಸುವ ಉತ್ತರಾಧಿಕಾರದ ಕಟ್ಟಳೆಗಳು ತಾವಾಗಿಯೇ ಬಂದು ಸೇರುತ್ತವೆ. ಟೋಗಾ ಸರಿ, ಧೂಮ್ರವರ್ಣದ ಅಂಚು ಸರಿ, ಲ್ಯಾಟಿನ್ ಬಿರುದುಗಳೂ ಸರಿ. ರಾಜಕೀಯ ಮಾತ್ರ ಸುಳ್ಳು.

ಘಟನೆಗಳನ್ನೇ ನೋಡಬಹುದು. ಟೈಬೀರಿಯಸನು ಅಗಸ್ಟಸನ ಔರಸಪುತ್ರನಲ್ಲ, ಕ್ರಿ.ಶ. ೪ರಲ್ಲಿ ದತ್ತಕನಾದವನು. ಕ್ರಿ.ಶ. ೪೧ರಲ್ಲಿ ಕ್ಯಾಲಿಗುಲನ ಕೊಲೆಯಾದಾಗ ಅಂಗರಕ್ಷಕ ಪಡೆಯೇ ಕ್ಲಾಡಿಯಸನನ್ನು ಎತ್ತಿ ನಿಲ್ಲಿಸಿತು. ಒಬ್ಬೊಬ್ಬ ಭಟನಿಗೂ ೧೫,೦೦೦ ಸೆಸ್ಟರ್ಸ್ ನೀಡುವ ವಾಗ್ದಾನವಾಯಿತೆಂದು ಸ್ವೆಟೋನಿಯಸ್ ತಿಳಿಸುತ್ತಾನೆ. ಕ್ರಿ.ಶ. ೬೯ರ ಒಂದೇ ವರ್ಷದಲ್ಲಿ ಗಾಲ್ಬ, ಓಥೊ, ವಿಟೆಲಿಯಸ್, ವೆಸ್ಪೇಸಿಯನ್ ಎಂಬ ನಾಲ್ವರು ಸಾಮ್ರಾಟರನ್ನು ರೋಮ್ ಕಂಡಿತು. ಸಾಮ್ರಾಟನು ರೋಮಿನ ಹೊರಗೂ ಹುಟ್ಟಬಲ್ಲನೆಂಬ ಗುಟ್ಟು ಆಗ ಬಯಲಾಯಿತೆಂಬುದು ಟ್ಯಾಸಿಟಸನ ಅಭಿಪ್ರಾಯ. ಸೈನ್ಯವು ರಾಜ್ಯವನ್ನು ಬಿಟ್ಟು ತನ್ನ ಸೇನಾನಿಗೇ ನಿಷ್ಠವಾಗುವ ನಿಯಮ ಮೂಲದ ಆಟದಲ್ಲಿಯೇ ಇದೆ. ವಿವೇಕಿಯಾದ ಮಾಡ್‌ಕಾರನು ಉತ್ತರಾಧಿಕಾರವನ್ನು ವಂಶವೃಕ್ಷದ ಮೇಲೆ ಕಟ್ಟದೆ ಈ ನಿಯಮದ ಮೇಲೆ ಕಟ್ಟುವನು. ಸೆನೆಟ್ಟಿನ ಒಪ್ಪಿಗೆಯನ್ನು ಕೊನೆಗೆ ಬರುವ, ಆದರೆ ಬಿಡಲಾಗದ, ಶಾಸ್ತ್ರವನ್ನಾಗಿ ಉಳಿಸುವನು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆಗೆ ಎಡೆಯಿದೆ. ಆಟದಲ್ಲಿ ನಿಷ್ಠೆಯೂ ಒಂದು ಅಂಕಿ, ದಬ್ಬಾಳಿಕೆಯೂ ಒಂದು ಅಂಕಿ. ಆಡುವವನಿಗೆ ಎರಡೂ ಕಾಣುತ್ತವೆ. ಟೈಬೀರಿಯಸನಿಗೆ ಅವು ಕಾಣುತ್ತಿರಲಿಲ್ಲ. ಸೆನೆಟ್ಟಿನ ಹೊಗಳಿಕೆಯಲ್ಲಿ ಸಮ್ಮತಿ ಎಷ್ಟು, ಭಯ ಎಷ್ಟು ಎಂದು ಅವನು ಅಳೆಯಲಾರದೆ ಹೋದನು. ಅವನ ಕಾಲದ ರಾಜದ್ರೋಹದ ವಿಚಾರಣೆಗಳ ಹಿಂದೆ ಈ ಸಂಶಯದ ನೆರಳಿದೆ. ಅಂಕಿಯನ್ನು ಮರೆಮಾಡಲಾಗದಿದ್ದರೂ ಅದರ ಫಲವನ್ನು ಅನಿಶ್ಚಿತಗೊಳಿಸಬಹುದು. ಉತ್ತರಾಧಿಕಾರಿಯನ್ನು ಬೇಗ ಸೂಚಿಸಿದರೆ ಪ್ರತಿಸ್ಪರ್ಧಿ, ತಡವಾಗಿ ಸೂಚಿಸಿದರೆ ಅಂತರ್ಯುದ್ಧ ಎಂಬ ಅಳುಕು ಆಟಗಾರನಲ್ಲಿ ಹುಟ್ಟಿದರೆ ಮಾಡ್ ಸಾರ್ಥಕ.

ಸಂಸ್ಕೃತಿಯ ವಿಷಯದಲ್ಲಿಯೂ ಇಂತಹುದೇ ತೊಡಕು. ಆಟದಲ್ಲಿ ಪ್ರಜಾಸಮೂಹವೊಂದು ಕ್ರಮೇಣ ಆಳುವವರ ಸಂಸ್ಕೃತಿಗೆ ‘ಪರಿವರ್ತಿತ’ವಾಗುತ್ತದೆ. ಚರಿತ್ರೆಯಾದರೋ ಬೇರೆ. ಕ್ರಿ.ಶ. ೨೧೨ರಲ್ಲಿ ಕ್ಯಾರಕಲ್ಲನ ಶಾಸನದಿಂದ ಸಾಮ್ರಾಜ್ಯದ ಬಹುಪಾಲು ಸ್ವತಂತ್ರ ಪ್ರಜೆಗಳು ರೋಮನ್ ಪೌರರಾದರು. ಪೂರ್ವದ ನಗರಗಳು ಆ ಬಳಿಕವೂ ಗ್ರೀಕಿನಲ್ಲಿಯೇ ವ್ಯವಹರಿಸಿದವು. ಪೌರತ್ವವನ್ನೂ ಸಂಸ್ಕೃತಿಯನ್ನೂ ಬೇರ್ಪಡಿಸಿ ಎಣಿಸದ ಮಾಡ್ ಈ ಸಂಗತಿಯನ್ನು ಹೇಳಲಾರದು.

ವೇಷಭೂಷಣಗಳ ನಿಖರತೆಯನ್ನು ಮೆಚ್ಚುವುದರಲ್ಲಿ ದೋಷವಿಲ್ಲ. ಆದರೆ ಆಟದ ಐತಿಹಾಸಿಕ ವಾದವು ಅದರ ಚಿತ್ರಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅದರ ನಿಯಮಗಳಲ್ಲಿ ಇದೆ. ಅಧ್ಯಾಪಕರು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಅಗಸ್ಟಸನ ಬಳಿಕ ಯಾರು ಆಳಬೇಕೆಂಬುದನ್ನು ನಿಯಮದ ರೂಪದಲ್ಲಿ ಒಂದು ಪುಟದಲ್ಲಿ ಬರೆಯುವಂತೆ ವಿದ್ಯಾರ್ಥಿಗಳಿಗೆ ಹೇಳಲಿ. ಯಾವ ನಿಯಮವನ್ನು ಬರೆದರೂ ಮುಂದಿನ ನೂರು ವರ್ಷಗಳಲ್ಲಿ ಅದಕ್ಕೆ ಒಂದಲ್ಲ ಒಂದು ಅಪವಾದ ಎದುರಾಗುವುದು. ಆ ಸೋಲಿನಲ್ಲಿಯೇ ಅವರಿಗೆ ರೋಮಿನ ಚಕ್ರಾಧಿಪತ್ಯದ ಮೊದಲ ಪಾಠ ದೊರೆಯುತ್ತದೆ.