ಸತ್ಯನ್: ಲಾವಣಿಯ ವೀರ, ಕಡಲಿನ ಪಳನಿ

ಮಲಯಾಳಂ ಚಲನಚಿತ್ರ ನಟ ಸತ್ಯನ್ (1912–1971) ಅವರನ್ನು ವಾಸ್ತವವಾದಿ ಅಭಿನಯದ ಮೊದಲಿಗರಲ್ಲಿ ಒಬ್ಬರೆಂದು ಗುರುತಿಸುವುದು ರೂಢಿ. ಈ ಮಾತು ತಪ್ಪಲ್ಲ, ಆದರೆ ಅಪೂರ್ಣ. ಶಿಕ್ಷಕ, ಸೈನಿಕ, ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ದುಡಿದು ನಲವತ್ತರ ಹೊಸ್ತಿಲಲ್ಲಿ ‘ಆತ್ಮಸಖಿ’ (1952) ಚಿತ್ರದ ಮೂಲಕ ತೆರೆಗೆ ಬಂದ ಈ ನಟರು, ತಕಳಿ ಹಾಗೂ ಕೇಶವದೇವರ ಕಾದಂಬರಿಗಳ ಬಡ ದುಡಿಮೆಗಾರರಿಗೆ ಜೀವ ತುಂಬಿದಂತೆಯೇ ಉತ್ತರ ಮಲಬಾರಿನ ವಡಕ್ಕನ್ ಪಾಟ್ಟುಗಳ ವೀರರನ್ನೂ ಅಭಿನಯಿಸಿದರು. ಮೊದಲನೆಯದನ್ನು ಕಲೆಯೆಂದೂ ಎರಡನೆಯದನ್ನು ಬರಿಯ ವೇಷವೆಂದೂ ಬೇರ್ಪಡಿಸಿದರೆ ಅವರ ಅಭಿನಯದ ಒಂದು ಮುಖ್ಯ ಎಳೆಯೇ ಕೈತಪ್ಪುತ್ತದೆ.

ತುಳುನಾಡಿನ ನೇಜಿಗದ್ದೆಯ ಪಾಡ್ದನಗಳಂತೆ ವಡಕ್ಕನ್ ಪಾಟ್ಟುಗಳೂ ನಾಟಿಯ ಹೆಂಗಸರ ಬಾಯಲ್ಲಿ ಉಳಿದುಬಂದವು. ಅಲ್ಲಿ ವೀರನ ಎತ್ತರವನ್ನು ಕಟ್ಟುವುದು ಪುನರಾವರ್ತನೆ ಮತ್ತು ಸಿದ್ಧ ನುಡಿಗಟ್ಟುಗಳು. ಚಲನಚಿತ್ರದಲ್ಲಿ ಆ ಹೊರೆ ನಟನ ದೇಹದ ಮೇಲೆ ಬೀಳುತ್ತದೆ. ಕಪ್ಪು ಮೈಬಣ್ಣದ, ಹೆಚ್ಚು ಎತ್ತರವಿಲ್ಲದ ಸತ್ಯನ್ ‘ತಚ್ಚೋಳಿ ಒದೇನನ್’ (1964) ಚಿತ್ರದಲ್ಲಿ ಅದನ್ನು ಹೊತ್ತದ್ದು ಸೌಂದರ್ಯದಿಂದಲ್ಲ, ಬಿಗುವಿನಿಂದ. ಲಾವಣಿಯ ಒದೇನನ್ ಗೆದ್ದ ಕಣದಲ್ಲಿ ಮರೆತುಬಂದ ಕಠಾರಿಯನ್ನು ತರಲು ಮತ್ತೆ ಹೋಗಿ, ಗುಂಡಿಗೆ ಬಲಿಯಾಗುತ್ತಾನೆ. ಅವನನ್ನು ಕೊಲ್ಲುವುದರಲ್ಲಿ ಶತ್ರುವಿನಷ್ಟೇ ಪಾಲು ಅವನ ಛಲದ್ದೂ ಇದೆ.

ರಾಮು ಕಾರ್ಯಾಟರ ‘ಚೆಮ್ಮೀನ್’ (1965) ಚಿತ್ರದ ಪಳನಿ ಇದೇ ಅಚ್ಚಿನವನು. ರಾಷ್ಟ್ರಪತಿಗಳ ಚಿನ್ನದ ಪದಕ ಪಡೆದ ಈ ಚಿತ್ರದ ಕೇಂದ್ರದಲ್ಲಿರುವುದು, ಮೀನುಗಾರನ ಜೀವವನ್ನು ದಡದಲ್ಲಿರುವ ಹೆಂಡತಿಯ ಶೀಲ ಕಾಯುತ್ತದೆಂಬ, ಕಡಲಮ್ಮನನ್ನು ಕುರಿತ ನಂಬಿಕೆ. ಇದನ್ನು ಮುಗ್ಧ ಜಾನಪದವೆಂದು ಮೆಚ್ಚುವವರು ಒಂದನ್ನು ಗಮನಿಸಬೇಕು: ನಂಬಿಕೆ ಕಡಲಿಗಿಂತ ಮೊದಲು ಕೇರಿಯಲ್ಲಿ ಕೆಲಸ ಮಾಡುತ್ತದೆ. ಕರುತ್ತಮ್ಮನ ಬಗ್ಗೆ ಹಬ್ಬಿದ ಮಾತಿಗೆ ಸಂಗಾತಿಗಳು ಪಳನಿಯನ್ನು ದೋಣಿಯಿಂದ ದೂರವಿಡುತ್ತಾರೆ. ಅವನು ಗಾಳ ಹಿಡಿದು ಒಂಟಿಯಾಗಿ ಕಡಲಿಗಿಳಿಯುತ್ತಾನೆ. ಅಪಮಾನವನ್ನು ಸತ್ಯನ್ ಮಾತಿನಲ್ಲಿ ಹರಿಯಬಿಡದೆ ಹೆಗಲಲ್ಲಿ, ಬಿಗಿದ ದವಡೆಯಲ್ಲಿ ಹಿಡಿದಿಡುತ್ತಾರೆ. ಆದ್ದರಿಂದಲೇ ಕೊನೆಯ ಸುಳಿ ಕಡಲಮ್ಮನ ಶಿಕ್ಷೆಯಾಗಿ ಮಾತ್ರವಲ್ಲ, ಜೊತೆಗಾರರಿಲ್ಲದ ದುಡಿಮೆಗಾರನ ಸಾವಾಗಿಯೂ ತೋರುತ್ತದೆ. ದಡಕ್ಕೆ ಬಂದ ಪ್ರೇಮಿಗಳ ಶವಗಳನ್ನು ತೋರಿಸಿ ಚಿತ್ರವು ಹೆಣ್ಣನ್ನು ದೂಷಿಸುವ ನಂಬಿಕೆಗೇ ಕೊನೆಯ ಮಾತನ್ನು ಬಿಟ್ಟುಕೊಡುತ್ತದೆ. ನಟ ಅದಕ್ಕೆ ಪೂರ್ತಿ ಒಪ್ಪಿದಂತಿಲ್ಲ.

ಇದಕ್ಕೂ ಮೊದಲಿನ ‘ನೀಲಕುಯಿಲ್’ (1954) ಚಿತ್ರದಲ್ಲಿ, ತನ್ನಿಂದ ಬಸಿರಾದ ದಲಿತ ಹೆಣ್ಣನ್ನು ಕೈಬಿಡುವ ಮೇಷ್ಟರ ಪಾತ್ರ ಅವರದು. ಕೆ. ರಾಘವನ್ ಅಳವಡಿಸಿದ ನಾಡ ಮಟ್ಟುಗಳು ಸುತ್ತಲೂ ಊರಿನ ದನಿಯಾಗಿ ಕೇಳುತ್ತಿರುವಾಗ ಓದಿದ ಗಂಡಸು ಮೌನ ಹಿಡಿಯುತ್ತಾನೆ. ಅಲ್ಲಿನ ಮೌನ ಹೇಡಿತನದ್ದು, ಪಳನಿಯದು ಅಭಿಮಾನದ್ದು. ಒಂದೇ ಸಾಧನದಿಂದ ಎರಡು ಅರ್ಥ ಹೊರಡಿಸುವ ಈ ಶಕ್ತಿಯೇ ಸತ್ಯನ್ನರ ವಿಶೇಷ. ‘ಓಡಯಿಲ್ ನಿನ್ನು’ (1965) ಚಿತ್ರದ ರಿಕ್ಷಾ ಎಳೆಯುವ ಪಪ್ಪು ಹೆಚ್ಚು ಜನಪ್ರಿಯನಾದರೂ, ಅಲ್ಲಿ ಕರುಣರಸದ ಒತ್ತಡ ತುಸು ಅತಿಯಾಗಿದೆ.

1969ರ ‘ಕಡಲ್ಪಾಲಂ’ ಚಿತ್ರಕ್ಕೆ ಕೇರಳ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಪಡೆದ ಸತ್ಯನ್, 1971ರ ಜೂನ್ 15ರಂದು ರಕ್ತದ ಕ್ಯಾನ್ಸರಿನಿಂದ ನಿಧನರಾದರು. ತಕಳಿಯವರ ಕಾದಂಬರಿಯನ್ನೇ ಆಧರಿಸಿದ ‘ಅನುಭವಙ್ಙಳ್ ಪಾಳಿಚ್ಚಕಳ್’ ತೆರೆಕಂಡದ್ದು ಆ ಬಳಿಕ. ಅದರ ಕಾರ್ಮಿಕ ಹೋರಾಟಗಾರ ಚೆಲ್ಲಪ್ಪನೂ ಹೆಂಡತಿಯನ್ನು ಶಂಕಿಸುವ ಗಂಡನೇ. ಆದರೆ ಇಲ್ಲಿ ಕಡಲಮ್ಮನಿಲ್ಲ. ಒಂದು ಕಾಲಕ್ಕೆ ಪೊಲೀಸ್ ಸಮವಸ್ತ್ರ ತೊಟ್ಟಿದ್ದ ನಟ, ಕಾನೂನು ವಿಧಿಸಿದ ಗಲ್ಲಿಗೇರುವ ಪಾತ್ರವಾಗಿ ತೆರೆಯಿಂದ ನಿರ್ಗಮಿಸುತ್ತಾರೆ.