ವಿಳಾಸ ಒಂದು, ಹೆಸರು ಮೂರು

ಇಮೇಲ್ ಖಾತೆಯೊಂದಕ್ಕೆ ಏಕಕಾಲದಲ್ಲಿ ಮೂರು ಹೆಸರುಗಳಿರುತ್ತವೆ. ಮೊದಲನೆಯದು ವಿಳಾಸ, ಅಂದರೆ ಪತ್ರಗಳನ್ನು ಸಾಗಿಸುವ ಕೇಂದ್ರ ಗಣಕಗಳಾದ ಸರ್ವರ್‌ಗಳು ಓದಿಕೊಂಡು ಪತ್ರವನ್ನು ಸರಿಯಾದ ಪೆಟ್ಟಿಗೆಗೆ ಮುಟ್ಟಿಸಲು ಬಳಸುವ ಅಕ್ಷರಸಾಲು. ಇದನ್ನು ಒಮ್ಮೆ ಪಡೆದ ಮೇಲೆ ಸಾಮಾನ್ಯವಾಗಿ ಬದಲಿಸಲಾಗದು. ಎರಡನೆಯದು ಕಳುಹಿಸುವವರ ಹೆಸರು, ಪತ್ರ ಪಡೆದವರ ಪರದೆಯ ಮೇಲೆ ವಿಳಾಸಕ್ಕೆ ಮುಂಚೆ ಕಾಣಿಸುವಂಥದ್ದು. ಮೂರನೆಯದು ಖಾತೆಯ ಹಣೆಪಟ್ಟಿ. ಒಂದೇ ಯಂತ್ರದಲ್ಲಿ ಹಲವು ಖಾತೆಗಳಿದ್ದಾಗ ಒಂದನ್ನು ಇನ್ನೊಂದರಿಂದ ಗುರುತಿಸಲು ಯಂತ್ರದ ಒಡೆಯರು ತಮಗಾಗಿಯೇ ಇಟ್ಟುಕೊಳ್ಳುವ, ಹೊರಗಿನವರಿಗೆ ಕಾಣಬೇಕಿಲ್ಲದ ಹೆಸರು ಅದು. ಹಳೆಯ ಅಂಗೈ ಯಂತ್ರಗಳಲ್ಲಿ ‘ಖಾತೆಯ ಹೆಸರು ಬದಲಿಸುವುದು’ ಎಂದಾಗ ಈ ಮೂರನೆಯದನ್ನೇ ಉದ್ದೇಶಿಸಲಾಗುತ್ತಿತ್ತಾದರೂ, ಬದಲಿಸಲು ಹೊರಟವರಿಗೆ ತಾವು ಮೂರರಲ್ಲಿ ಯಾವುದನ್ನು ಮುಟ್ಟುತ್ತಿದ್ದೇವೆ ಎಂಬ ಖಾತರಿ ಇರುತ್ತಿರಲಿಲ್ಲ. ಆ ವ್ಯವಸ್ಥೆಯ ಮುಖ್ಯ ದೋಷ ಇಲ್ಲಿಯೇ ಇದೆ.

ಈ ದೋಷವನ್ನು ಪರೀಕ್ಷಿಸಲು ಅತ್ಯಂತ ಸೂಕ್ತವಾದ ಯಂತ್ರವೆಂದರೆ ಕೆನಡಾದ ವಾಟರ್ಲೂ ನಗರದ ರಿಸರ್ಚ್ ಇನ್ ಮೋಷನ್ ಕಂಪನಿ ತಯಾರಿಸಿದ, ಭಾರತಕ್ಕೆ 2004ರಲ್ಲಿ ಏರ್‌ಟೆಲ್ ಮೂಲಕ ಕಾಲಿಟ್ಟ ಬ್ಲ್ಯಾಕ್‌ಬೆರಿ. ಅದರ ಇಂಟರ್ನೆಟ್ ಸೇವೆಯಲ್ಲಿ ಒಂದು ಫೋನಿಗೆ 10 ಇಮೇಲ್ ಖಾತೆಗಳವರೆಗೆ ಜೋಡಿಸಬಹುದಾಗಿತ್ತು, ಮತ್ತು ಪ್ರತಿ ಖಾತೆಗೂ ಮುಖಪರದೆಯ ಮೇಲೆ ಪ್ರತ್ಯೇಕ ಚಿಹ್ನೆಯೊಂದು ಮೂಡುತ್ತಿತ್ತು. ಇದು ಆ ಕಾಲಕ್ಕೆ ಸಣ್ಣ ಸಾಧನೆಯಲ್ಲ. ಮನೆಯ ಪತ್ರ, ಕಚೇರಿಯ ಪತ್ರ, ಸಂಘದ ಪತ್ರಗಳೆಲ್ಲ ಒಂದೇ ರಾಶಿಯಾಗಿ ಬೀಳದೆ ಬೇರೆಬೇರೆ ಬಾಗಿಲುಗಳಿಂದ ಒಳಗೆ ಬರಬೇಕೆಂಬ ತಿಳಿವಳಿಕೆ ಅದರ ಹಿಂದಿತ್ತು. ಆದರೆ ಬಳಕೆದಾರರು ತಾವಾಗಿ ಏನನ್ನೂ ಬರೆಯದಿದ್ದರೆ ಆ ಬಾಗಿಲಿನ ಮೇಲೆ ಇಮೇಲ್ ವಿಳಾಸವೇ ಹೆಸರಾಗಿ ಕೂರುತ್ತಿತ್ತು. 2009ರ ಕರ್ವ್ 8520 ಮಾದರಿಯ ಪರದೆಯಲ್ಲಿ ಅಡ್ಡಕ್ಕೆ 320, ಉದ್ದಕ್ಕೆ 240 ಚುಕ್ಕೆಗಳಷ್ಟೇ ಇದ್ದುದರಿಂದ ಉದ್ದನೆಯ ವಿಳಾಸ ಅಲ್ಲಿ ಪೂರ್ತಿಯಾಗಿ ಹಿಡಿಸುವುದು ಕಷ್ಟವಿತ್ತು; ಒಂದೇ ರೀತಿ ಆರಂಭವಾಗುವ ಎರಡು ವಿಳಾಸಗಳು ಒಂದೇ ರೀತಿ ಕತ್ತರಿಸಿಹೋದರೆ ಪ್ರತ್ಯೇಕ ಚಿಹ್ನೆಗಳಿದ್ದೂ ಪ್ರಯೋಜನವಿಲ್ಲ.

ಈ ತೊಂದರೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರಲಿಲ್ಲ ಎಂಬುದನ್ನು ಕಾಣಲು ರಾಯಬಾಗ ತಾಲ್ಲೂಕಿನ ಮುಗಳಖೋಡದಂಥ ಊರನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಯಲ್ಲಾಲಿಂಗ ಮಠದಿಂದಾಗಿ ಸುತ್ತಲ ಜಿಲ್ಲೆಗಳಲ್ಲಿ ಹೆಸರಾದ ಈ ಪಟ್ಟಣವಿರುವ ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು, ಮತ್ತು ಹೆಸರು ಬರೆಯುವ ಅಲ್ಲಿನ ಪದ್ಧತಿ ಇಂದಿಗೂ ಉಳಿದಿದೆ: ಮೊದಲು ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಮನೆತನದ ಅಡ್ಡಹೆಸರು. ಹಳೆಯ ಮೈಸೂರಿನ ಕಡೆ ಇನಿಷಿಯಲ್‌ಗಳ ಹಿಂದೆ ಮರೆಯಾಗುವ ತಂದೆಯ ಹೆಸರು ಇಲ್ಲಿ ಬಿಡಿಸಿ ಬರೆದ ರೂಪದಲ್ಲೇ ಇರುತ್ತದೆ. ಪಾಟೀಲ, ಕುಲಕರ್ಣಿ, ಬಡಿಗೇರ, ಹಿರೇಮಠ ಎಂಬ ಅಡ್ಡಹೆಸರುಗಳು ಚಿಕ್ಕೋಡಿಯಿಂದ ಕೃಷ್ಣೆಯನ್ನು ದಾಟಿ ಅಥಣಿಯವರೆಗೆ, ಅಲ್ಲಿಂದ ಮಹಾರಾಷ್ಟ್ರದೊಳಕ್ಕೂ ಹಬ್ಬಿಕೊಂಡಿರುವುದರಿಂದ, ಜಗತ್ತಿನವರೆಲ್ಲ ಒಂದೇ ಸಾಲಿನಲ್ಲಿ ನಿಂತು ವಿಳಾಸ ಕೇಳುವ ಉಚಿತ ಇಮೇಲ್ ಸೇವೆಗಳಲ್ಲಿ ಇಲ್ಲಿಯವರಿಗೆ ತಮ್ಮ ಹೆಸರು ನೇರವಾಗಿ ಸಿಗುವುದು ಅಪರೂಪ; ಸ್ವಂತ ಹೆಸರು, ತಂದೆಯ ಹೆಸರಿನ ಒಂದಕ್ಷರ, ಅಡ್ಡಹೆಸರು, ಅದರ ಬಾಲಕ್ಕೆ ಹುಟ್ಟಿದ ಇಸವಿಯೋ ಗಾಡಿಯ ನಂಬರೋ ಸೇರಿ ತಯಾರಾಗುವ ಸಾಲು ವಿಳಾಸವಾಗುತ್ತದೆ. ಹೀಗೆ ಹುಟ್ಟಿದ ವಿಳಾಸ ಉದ್ದವೂ ಹೌದು, ಓದಿದೊಡನೆ ಅರ್ಥವಾಗದ್ದೂ ಹೌದು. ಹಣೆಪಟ್ಟಿಯ ಅಗತ್ಯ ಇಂಥವರಿಗೇ ಹೆಚ್ಚು. ಸ್ವಂತ ಹೆಸರಿನ ಚಿಕ್ಕ ವಿಳಾಸವನ್ನು ಮೊದಲೇ ಕಾದಿರಿಸಿಕೊಂಡ ಟೊರೊಂಟೊದ ಅಧಿಕಾರಿಗೆ ಅದು ಬರೀ ಅಲಂಕಾರ.

ಖಾತೆಗಳ ಸಂಖ್ಯೆಯ ಪ್ರಶ್ನೆಯೂ ಹೀಗೆಯೇ. ಕಬ್ಬಿನ ಹೊಲವನ್ನೂ ಪೇಟೆಯಲ್ಲಿ ಅಂಗಡಿಯನ್ನೂ ಇಟ್ಟುಕೊಂಡು, ಜೊತೆಗೆ ಸಹಕಾರಿ ಪತ್ತಿನ ಸಂಘದ ಪತ್ರವ್ಯವಹಾರವನ್ನು ನೋಡಿಕೊಳ್ಳುತ್ತ, ಓದಲು ಬೇರೆ ಊರಿಗೆ ಹೋದ ತಮ್ಮನ ಅರ್ಜಿಗಳನ್ನೂ ತಾವೇ ತುಂಬುವಂಥವರು ಈ ಸೀಮೆಯಲ್ಲಿ ವಿರಳವಲ್ಲ; ನಿಪ್ಪಾಣಿಯ ತಂಬಾಕು ವ್ಯಾಪಾರಿಗಳಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ವ್ಯವಹರಿಸುವುದು ತಲೆಮಾರುಗಳ ರೂಢಿ. ಒಬ್ಬರ ಕೈಯ ಯಂತ್ರದಲ್ಲಿ ಹಲವರ ಪತ್ರಗಳಿರುವುದು ಇಲ್ಲಿ ವಿಶೇಷವೇನಲ್ಲ. ಬ್ಲ್ಯಾಕ್‌ಬೆರಿಯನ್ನು ರೂಪಿಸಿದವರು ಮನಸ್ಸಿನಲ್ಲಿಟ್ಟುಕೊಂಡಿದ್ದು, ಹಲವು ಖಾತೆಗಳಿದ್ದರೂ ಅವೆಲ್ಲವೂ ತನ್ನವೇ ಆಗಿರುವ ಒಂಟಿ ಬಳಕೆದಾರನನ್ನು. ಆದ್ದರಿಂದಲೇ ಖಾತೆಯನ್ನು ತಿದ್ದುವ ಪುಟದಲ್ಲಿ ‘ಇಮೇಲ್ ಖಾತೆಯ ಹೆಸರು’ ಮತ್ತು ‘ನಿಮ್ಮ ಹೆಸರು’ ಎಂಬ ಎರಡು ಖಾಲಿ ಜಾಗಗಳನ್ನು ವಿವರಣೆಯಿಲ್ಲದೆ ಒಂದೇ ಪುಟದಲ್ಲಿಡಲು ಅವರಿಗೆ ಸಂಕೋಚವಾಗಲಿಲ್ಲ. ಖಾತೆ ತಮ್ಮನದಾಗಿದ್ದು ಯಂತ್ರ ಅಣ್ಣನ ಕೈಯಲ್ಲಿದ್ದರೆ ‘ನಿಮ್ಮ ಹೆಸರು’ ಎಂದು ಕೇಳುವುದು ಯಾರನ್ನು? ಅಲ್ಲಿ ಅಣ್ಣ ತನ್ನ ಹೆಸರು ಬರೆದರೆ ತಮ್ಮನ ಅರ್ಜಿ ಅಣ್ಣನ ಹೆಸರಿನಲ್ಲಿ ಕಾಲೇಜಿಗೆ ಮುಟ್ಟುತ್ತದೆ. ‘ತಮ್ಮನ ಮೇಲ್’ ಎಂಬ ಹಣೆಪಟ್ಟಿಯನ್ನು ತಪ್ಪಿ ಎರಡನೆಯ ಜಾಗದಲ್ಲಿ ಬರೆದರಂತೂ ಪತ್ರ ಕಳುಹಿಸಿದವರ ಹೆಸರೇ ‘ತಮ್ಮನ ಮೇಲ್’ ಆಗಿಬಿಡುತ್ತದೆ. ‘ಇದು ನಿಮಗೆ ಮಾತ್ರ ಕಾಣುತ್ತದೆ’, ‘ಇದು ಪತ್ರ ಪಡೆದವರಿಗೆ ಕಾಣುತ್ತದೆ’ ಎಂಬ ಎರಡು ಸಾಲುಗಳು ಇದ್ದಿದ್ದರೆ ಈ ಗೊಂದಲ ನೀಗುತ್ತಿತ್ತು.

ಹಣೆಪಟ್ಟಿಯ ನಿಜವಾದ ಬೆಲೆ ಗೊತ್ತಾಗುವುದು ಪತ್ರ ಓದುವಾಗಲ್ಲ, ಬರೆಯುವಾಗ. ಹೊಸ ಪತ್ರದ ಪುಟದ ಮೇಲ್ತುದಿಯಲ್ಲಿ ಯಾವ ಖಾತೆಯಿಂದ ಕಳುಹಿಸಬೇಕೆಂದು ಆರಿಸುವ ಒಂದು ಪಟ್ಟಿ ಬ್ಲ್ಯಾಕ್‌ಬೆರಿಯಲ್ಲಿತ್ತು. ಬಳಕೆದಾರರು ಅದನ್ನು ಮುಟ್ಟದಿದ್ದರೆ, ಸೆಟ್ಟಿಂಗ್‌ಗಳ ಆಳದಲ್ಲಿ ಪೂರ್ವನಿಗದಿಯಾಗಿದ್ದ ಖಾತೆಯಿಂದ ಪತ್ರ ಹೊರಡುತ್ತಿತ್ತು. ಆ ಪೂರ್ವನಿಗದಿಯನ್ನು ಬದಲಿಸುವ ಜಾಗದಲ್ಲಿ ಇಮೇಲ್ ಎಂಬ ಮಾತಿನ ಬದಲು ಕಂಪನಿಯ ಒಳಗಿನ ತಾಂತ್ರಿಕ ಸಂಕೇತವೊಂದನ್ನು ಬರೆದಿಟ್ಟಿದ್ದರು, ಇಂಜಿನಿಯರುಗಳು ತಮ್ಮ ಚೀಟಿಯನ್ನು ಗಿರಾಕಿಯ ಮುಂದೆ ಬಿಟ್ಟು ಹೋದ ಹಾಗೆ. ಸಂಘದ ಠರಾವು ಸ್ವಂತ ಖಾತೆಯಿಂದ ಹೋಗುವ ಪ್ರಮಾದವನ್ನು ತಡೆಯಲು ಇದ್ದ ಏಕೈಕ ಉಪಾಯವೆಂದರೆ ಆ ಪಟ್ಟಿಯಲ್ಲಿ ಒಂದೇ ನೋಟಕ್ಕೆ ತಿಳಿಯುವ ಗಿಡ್ಡ ಹೆಸರುಗಳಿರುವುದು. ಆದ್ದರಿಂದ ಖಾತೆಯ ಹೆಸರು ಬದಲಿಸುವುದನ್ನು ಕೇವಲ ಅಭಿರುಚಿಯ ವಿಷಯವೆಂದು ತಳ್ಳಿಹಾಕಲಾಗದು.

ಇಷ್ಟು ಮಹತ್ವದ ಹೆಸರು ಇದ್ದದ್ದಾದರೂ ಎಲ್ಲಿ? ಅದು ಫೋನಿನ ಸ್ವಂತ ಸೊತ್ತಾಗಿರಲಿಲ್ಲ. ಬ್ಲ್ಯಾಕ್‌ಬೆರಿಯ ಇಂಟರ್ನೆಟ್ ಸೇವೆಯಲ್ಲಿ ಕಂಪನಿಯ ಸರ್ವರ್ ಬಳಕೆದಾರರ ಪರವಾಗಿ ಅವರ ಅಂಚೆಪೆಟ್ಟಿಗೆಗಳನ್ನು ತೆರೆದು ನೋಡಿ, ಹೊಸ ಪತ್ರವನ್ನು ಫೋನಿಗೆ ತಳ್ಳುತ್ತಿತ್ತು. ಖಾತೆಯ ವಿವರಗಳು ಆ ಸರ್ವರಿನಲ್ಲಿ ದಾಖಲಾಗಿ, ‘ಸರ್ವಿಸ್ ಬುಕ್’ ಎಂದು ಕರೆಯಲಾಗುತ್ತಿದ್ದ ಚಿಕ್ಕ ಆದೇಶಪತ್ರಗಳ ರೂಪದಲ್ಲಿ ಫೋನಿಗೆ ಬರುತ್ತಿದ್ದವು. ಹೀಗಾಗಿ ಹೆಸರು ಬದಲಿಸಬೇಕೆಂದರೆ ಫೋನಿನ ಮೂಲಕವೋ ದೂರವಾಣಿ ಕಂಪನಿಯ ಜಾಲಪುಟದ ಮೂಲಕವೋ ಆ ಸೇವೆಯೊಳಗೆ ಹೋಗಿ ತಿದ್ದಿ, ಹೊಸ ಆದೇಶಪತ್ರ ಮರಳಿ ಬರುವುದನ್ನು ಕಾಯಬೇಕಿತ್ತು. ಬಾರದಿದ್ದರೆ ಬ್ಯಾಟರಿ ತೆಗೆದು ಮತ್ತೆ ಹಾಕುವ, ಆ ಕಾಲದ ಬಳಕೆದಾರರಿಗೆಲ್ಲ ಬಾಯಿಪಾಠವಾಗಿದ್ದ ಚಿಕಿತ್ಸೆ ಇದ್ದೇ ಇತ್ತು. ಪತ್ರಗಳು ವಿದೇಶಿ ಕಂಪನಿಯೊಂದರ ವ್ಯವಸ್ಥೆಯ ಮೂಲಕ ಹಾದುಹೋಗುವುದನ್ನು 2010ರಲ್ಲಿ ಭಾರತ ಸರ್ಕಾರ ಭದ್ರತೆಯ ನೆಲೆಯಿಂದ ಪ್ರಶ್ನಿಸಿ, ಪರಿಶೀಲನೆಗೆ ಅವಕಾಶ ಕೇಳಿತು. ಆ ವಿವಾದದಲ್ಲಿ ಚರ್ಚೆಯಾದದ್ದು ಪತ್ರದ ಒಳಗಿನ ಮಾತು. ಪೆಟ್ಟಿಗೆಯ ಮೇಲೆ ಬಳಕೆದಾರರು ತಮಗಾಗಿ ಅಂಟಿಸಿಕೊಂಡ ಚೀಟಿಯೂ ದೂರದ ಸರ್ವರಿನ ಅಧೀನವಾಗಿದ್ದುದು ಯಾರ ಗಮನಕ್ಕೂ ಬೀಳುವಷ್ಟು ದೊಡ್ಡದಾಗಿರಲಿಲ್ಲ. 2022ರ ಜನವರಿ 4ರಂದು ಕಂಪನಿ ಹಳೆಯ ಯಂತ್ರಗಳ ಸೇವೆಯನ್ನು ನಿಲ್ಲಿಸಿದಾಗ, ಹಣೆಪಟ್ಟಿ ಬದಲಿಸುವ ದಾರಿಯೂ ಅದರೊಂದಿಗೆ ಮುಚ್ಚಿತು.

ಲಿಪಿಯ ವಿಷಯದಲ್ಲಿ ಈ ಯಂತ್ರಗಳು ಇನ್ನೂ ದುರ್ಬಲ. ಮೂರು ಹೆಸರುಗಳಿಗೆ ಮೂರು ಬೇರೆ ಕಟ್ಟುಪಾಡುಗಳಿವೆ. ವಿಳಾಸ ಬಹುಕಾಲ ರೋಮನ್ ಅಕ್ಷರಗಳಿಗೆ ಬಂದಿಯಾಗಿದ್ದು, ಅದರಲ್ಲಿ ಬೇರೆ ಲಿಪಿಗಳನ್ನು ಬಳಸುವ ಅಂತರರಾಷ್ಟ್ರೀಯ ನಿಯಮಗಳು ಸಿದ್ಧವಾದದ್ದು 2012ರಲ್ಲಿ. ಕಳುಹಿಸುವವರ ಹೆಸರಿನ ಸ್ಥಿತಿ ಮೊದಲಿನಿಂದಲೂ ಮೇಲು. ರೋಮನ್ ಅಲ್ಲದ ಅಕ್ಷರಗಳನ್ನು ಪತ್ರದ ತಲೆಬರಹದಲ್ಲಿ ಸಂಕೇತಕ್ಕೆ ತಿರುಗಿಸಿ ಕಳುಹಿಸುವ ವಿಧಾನ 1992ರಲ್ಲೇ ಪ್ರಕಟವಾಗಿತ್ತು, ಮತ್ತು ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡವನ್ನು ಒಳಗೊಂಡಿತ್ತು. ಹಣೆಪಟ್ಟಿಗಾದರೋ ಯಾವ ಅಂತರರಾಷ್ಟ್ರೀಯ ನಿಯಮದ ಹಂಗೂ ಇಲ್ಲ, ಯಂತ್ರ ಒಪ್ಪಿದರೆ ಸಾಕು. ಹೀಗೆ ಎಲ್ಲಕ್ಕಿಂತ ಸ್ವತಂತ್ರವಾಗಿದ್ದ ಈ ಹೆಸರನ್ನು ಕನ್ನಡದಲ್ಲಿ ಬರೆಯಬಹುದೆಂಬ ಯೋಚನೆಗೆ, ರೋಮನ್ ಅಕ್ಷರಗಳ ಕೀಲಿಗಳನ್ನಷ್ಟೇ ಹೊತ್ತ ಆ ಯಂತ್ರ ಜಾಗವನ್ನೇ ಬಿಡಲಿಲ್ಲ. ಮುಗಳಖೋಡದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ ‘ಖ’ಕಾರಕ್ಕೆ ಒಂದಕ್ಷರವೋ ಎರಡೋ, ನಡುವಿನ ‘ಳ’ಕ್ಕೆ ಸ್ವರ ಸೇರಿಸಬೇಕೋ ಬೇಡವೋ ಎಂಬುದು ಬರೆಯುವವರ ಮರ್ಜಿಗೆ ಬಿಟ್ಟದ್ದು, ಕನ್ನಡದಲ್ಲಿ ಇಂಥ ತಕರಾರೇ ಏಳುವುದಿಲ್ಲ. ಆಂಡ್ರಾಯ್ಡ್ ತನ್ನ 4.1ನೆಯ ಆವೃತ್ತಿಯಲ್ಲಿ ಕನ್ನಡ ಅಕ್ಷರಗಳನ್ನು ತೋರಿಸಲು ಆರಂಭಿಸಿದ್ದೂ 2012ರಲ್ಲೇ.

ವಿಳಾಸವನ್ನು ಮುಟ್ಟದೆ ಹೆಸರನ್ನು ಮಾತ್ರ ಬದಲಿಸುವ ಕ್ರಮವನ್ನು ಈ ಜಿಲ್ಲೆ ದೊಡ್ಡ ಪ್ರಮಾಣದಲ್ಲಿ ಕಂಡಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಅಧಿಕೃತವಾಗಿ ಕನ್ನಡ ಉಚ್ಚಾರಣೆಗೆ ಹೊಂದಿಕೊಂಡಾಗ ಬೆಳಗಾವಿಯೂ ಅವುಗಳಲ್ಲಿ ಒಂದಾಗಿತ್ತು. ಫಲಕಗಳು, ಮುದ್ರೆಗಳು, ಪತ್ರಶೀರ್ಷಿಕೆಗಳು ಬದಲಾದವು, ಆದರೆ ರೈಲ್ವೆಯ ‘ಬಿಜಿಎಂ’ ಸಂಕೇತವಾಗಲಿ ವಿಮಾನ ನಿಲ್ದಾಣದ ‘ಐಎಕ್ಸ್‌ಜಿ’ ಸಂಕೇತವಾಗಲಿ ಬದಲಾಗಲಿಲ್ಲ, ಬದಲಾಗುವ ಅಗತ್ಯವೂ ಇರಲಿಲ್ಲ. ವ್ಯವಸ್ಥೆಯ ಒಳಗೆ ಓಡಾಡುವ ಗುರುತು ಒಂದು, ಜನ ಓದುವ ಹೆಸರು ಇನ್ನೊಂದು ಎಂಬ ವಿಂಗಡಣೆ ಅಲ್ಲಿ ಸ್ಪಷ್ಟವಾಗಿದ್ದುದರಿಂದಲೇ ಅಷ್ಟು ದೊಡ್ಡ ಬದಲಾವಣೆ ಒಂದು ರೈಲನ್ನೂ ದಾರಿ ತಪ್ಪಿಸದೆ ನಡೆಯಿತು. ಅಂಗೈ ಯಂತ್ರದ ವಿನ್ಯಾಸಕಾರರಿಗೂ ಈ ವಿಂಗಡಣೆ ಗೊತ್ತಿತ್ತು. ಅವರು ಅದನ್ನು ಬಳಕೆದಾರರಿಗೆ ಹೇಳಲಿಲ್ಲ, ಅಷ್ಟೇ.

ಕರ್ನಾಟಕದಲ್ಲೇ ರೂಪುಗೊಂಡ ಅಂಗೈ ಗಣಕವೊಂದು ಇದೇ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿದ್ದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಕೂಡಿ ಯೋಜಿಸಿದ, 2001ರಲ್ಲಿ ಮಾದರಿಯಾಗಿ ಹೊರಬಂದು 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ಸಿಂಪ್ಯೂಟರ್ ಅದು. ಒಂದು ಹಳ್ಳಿಗೆ ಒಂದೇ ಯಂತ್ರವಿರಬಹುದೆಂದು ಮೊದಲೇ ಊಹಿಸಿದ್ದ ಅದರ ವಿನ್ಯಾಸದಲ್ಲಿ ಪ್ರತಿ ಬಳಕೆದಾರರ ವಿವರಗಳೂ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ, ಅಂದರೆ ಚಿಕ್ಕ ಚಿಪ್ಪನ್ನು ಹೊತ್ತ ಪ್ಲಾಸ್ಟಿಕ್ ಚೀಟಿಯಲ್ಲಿ ಇರಬೇಕಾಗಿತ್ತು. ಕಾರ್ಡು ತೂರಿಸಿದವರದ್ದು ಆ ಹೊತ್ತಿಗೆ ಯಂತ್ರ. ಯಂತ್ರದ ಒಡೆಯ ಮತ್ತು ಖಾತೆಯ ಒಡೆಯ ಬೇರೆಬೇರೆ ಆಗಿರಬಹುದು ಎಂಬ, ಬ್ಲ್ಯಾಕ್‌ಬೆರಿಗೆ ಹೊಳೆಯದ ಸಂಗತಿ ಇಲ್ಲಿ ಅಡಿಪಾಯವಾಗಿತ್ತು. ಭಾರತೀಯ ಭಾಷೆಗಳ ಪಠ್ಯವನ್ನು ಓದಿ ಹೇಳುವ ಸೌಲಭ್ಯವೂ ಅದರ ಯೋಜನೆಯಲ್ಲಿತ್ತು. ಮಾರುಕಟ್ಟೆಯಲ್ಲಿ ಅದು ಗೆಲ್ಲಲಿಲ್ಲ. ಬೆಲೆ ಅಂದುಕೊಂಡದ್ದಕ್ಕಿಂತ ಏರಿತು, ಮಾರಾಟ ಕೆಲವೇ ಸಾವಿರಗಳಲ್ಲಿ ನಿಂತಿತು, ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನು ಮನೆಮನೆಗೆ ಬಂದಿತು. ಆದರೂ ಬಳಕೆದಾರರ ಬಗೆಗಿನ ಅದರ ಊಹೆ ಹೆಚ್ಚು ಸತ್ಯವಾಗಿತ್ತು ಎಂದು ಹೇಳಲು ಅದರ ಸೋಲು ಅಡ್ಡಿಯಾಗುವುದಿಲ್ಲ.

ನಂತರ ಬಂದ ಫೋನುಗಳು ಹಣೆಪಟ್ಟಿಯನ್ನು ದೂರದ ಸರ್ವರಿನಿಂದ ಬಿಡಿಸಿ ಫೋನಿನೊಳಕ್ಕೆ ತಂದಿವೆ, ಮತ್ತು ಅದನ್ನು ಕನ್ನಡದಲ್ಲಿ ಬರೆದರೆ ಈಗ ಅಡ್ಡಿಯಿಲ್ಲ. ‘ಸೊಸೈಟಿ’, ‘ಅಂಗಡಿ’, ‘ತಮ್ಮ’ ಎಂಬ ಮೂರು ಮಾತುಗಳಲ್ಲಿ ಮುಗಳಖೋಡದ ಬಳಕೆದಾರರು ತಮ್ಮ ಪೆಟ್ಟಿಗೆಗಳನ್ನು ವಿಂಗಡಿಸಿಕೊಳ್ಳಬಹುದು. ಆದರೆ ಐಫೋನಿನಲ್ಲಿ ಇಮೇಲ್ ಖಾತೆಯನ್ನು ಕೈಯಾರೆ ಜೋಡಿಸುವವರ ಮುಂದೆ ‘ಹೆಸರು’ ಮತ್ತು ‘ವಿವರಣೆ’ ಎಂಬ ಎರಡು ಜಾಗಗಳು ಒಂದೇ ಪುಟದಲ್ಲಿ ಬಂದು ನಿಲ್ಲುತ್ತವೆ. ಮೊದಲನೆಯದು ಊರಿಗೆಲ್ಲ ಕಾಣುವಂಥದ್ದು, ಎರಡನೆಯದು ಒಡೆಯರಿಗೆ ಮಾತ್ರ ಕಾಣುವಂಥದ್ದು ಎಂಬುದನ್ನು ಆ ಎರಡು ಪದಗಳಿಂದ ಊಹಿಸಿಕೊಳ್ಳುವ ಕೆಲಸ ಈಗಲೂ ಬಳಕೆದಾರರ ಪಾಲಿನದೇ.